ಗುರುವಾರ ಬರುತ್ತೇನೆ ಅಂದರೆ ಗುರುವಾರವೇ ಹೋಗಬೇಕು: ಸಿಲೋನ್‌ನಿಂದ ಬಂದ ಹಿರಿಯರಿಗೆ ಆಸರೆಯಾಗುವುದು ಹೇಗೆ

ನಾನು ಚೆಂಬು ಗ್ರಾಮದವಳು. ಸಂಪಾಜೆಯ ಹತ್ತಿರ, ಕೊಡಗಿನ ಅಂಚು. ನಮ್ಮ ಕಡೆಯಿಂದ ಸ್ವಲ್ಪ ಕೆಳಗಿಳಿದರೆ ಸುಳ್ಯ ತಾಲ್ಲೂಕು ಶುರು. ಮೂವತ್ತು ವರ್ಷಕ್ಕೂ ಜಾಸ್ತಿ ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ ನರ್ಸ್ ಆಗಿ ಗಡಿಯ ಎರಡೂ ಕಡೆ ಕೆಲಸ ಮಾಡಿದೆ. ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಮನೆಗಳಲ್ಲಿ ರಬ್ಬರ್ ತೋಟದ ಲೈನ್ ಮನೆಗಳೂ, ಅಂದರೆ ಕೆಲಸಗಾರರ ಸಾಲು ಮನೆಗಳೂ ಇದ್ದವು. ಅಲ್ಲಿರುವವರನ್ನು ನಮ್ಮ ಕಡೆ 'ಸಿಲೋನ್‌ನವರು' ಅಂತಲೇ ಕರೆಯುತ್ತಾರೆ. ಸಿಲೋನ್ ಅಂದರೆ ಈಗಿನ ಶ್ರೀಲಂಕಾ. ಆಗ ಎಳೆಯ ತಾಯಂದಿರಾಗಿದ್ದವರು ಈಗ ಅಜ್ಜಿಯರಾಗಿದ್ದಾರೆ. ನಿವೃತ್ತಿಯಾದ ಮೇಲೂ ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಜೊತೆಗೆ ಬರಬೇಕು ಅಂತ ಊರಿನ ಕೆಲವು ಹುಡುಗಿಯರು ಕೇಳಿದರು. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನನ್ನ ಯಜಮಾನರು ಮಿಲಿಟ್ರಿಯಲ್ಲಿದ್ದವರು. 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಹೋಗಿದ್ದರು. ತಿರುಗಿ ಬಂದ ಮೇಲೆ ಎಷ್ಟೋ ವರ್ಷ ರಾತ್ರಿ ಎದ್ದು ಹೊರಗೆ ಜಗಲಿಯಲ್ಲಿ ಕೂರುತ್ತಿದ್ದರು. ಯುದ್ಧ ಕಂಡವರ ಜೊತೆ ಹೇಗಿರಬೇಕು ಅನ್ನುವುದರಲ್ಲಿ ಅರ್ಧ ನಾನು ಕಲಿತಿದ್ದು ಮನೆಯಲ್ಲೇ.

ಮೊದಲು ಇವರು ಯಾರು ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ಕಾಫಿ, ಟೀ ತೋಟಗಳಿಗೆ ಕೂಲಿಗೆ ಹೋದವರ ಮೊಮ್ಮಕ್ಕಳು ಇವರು. ಆ ದೇಶಕ್ಕೆ ಸ್ವಾತಂತ್ರ್ಯ ಬಂದ 1948ರಲ್ಲೇ ಬಂದ ಪೌರತ್ವ ಕಾನೂನಿನಿಂದ ಇವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಶಾಸ್ತ್ರಿಯವರೂ ಅಲ್ಲಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆಯವರೂ ಒಂದು ಒಪ್ಪಂದ ಮಾಡಿಕೊಂಡರು. 5,25,000 ಜನ ಭಾರತಕ್ಕೆ, 3 ಲಕ್ಷ ಜನ ಅಲ್ಲಿಗೆ ಅಂತ ಲೆಕ್ಕ. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ಹೀಗೆ ಬಂದವರಿಗೆ ಕೆಲಸ ಕೊಡಲೆಂದು ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟ ಎಬ್ಬಿಸಿದರು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಅದನ್ನು ನೋಡಿಕೊಂಡಿತು.

ಎಲ್ಲರೂ ಒಂದೇ ಸಲ ಬರಲಿಲ್ಲ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ಹುಟ್ಟಿದ ಜಾಗ ಬಿಡಲು ಮನಸ್ಸಾಗದೆ ಉಳಿದವರು ತುಂಬಾ ಜನ. 1983ರ ಜುಲೈನಲ್ಲಿ ಅಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಅಂತರ್ಯುದ್ಧ ಶುರುವಾಯಿತು. 2009ರ ಮೇ ತಿಂಗಳವರೆಗೆ ನಡೆಯಿತು. ನಾನು ಪ್ರತಿ ಗುರುವಾರ ನೋಡಲು ಹೋಗುವ ಪಾಟಿ ಆ ಬೆಂಕಿಯ ಮರುವರ್ಷ ತಲೈಮನ್ನಾರ್‌ನಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ ಬಂದವರು. ರಾಮೇಶ್ವರದ ಹತ್ತಿರ, ಅಲ್ಲಿಂದ ಬಂದವರನ್ನು ಇಳಿಸಿಕೊಳ್ಳುವ ಮಂಡಪಂ ಶಿಬಿರದಲ್ಲಿ ಇದ್ದು, ಆಮೇಲೆ ಮೊದಲೇ ಬಂದಿದ್ದ ನಾದಿನಿಯ ಮನೆ ಹುಡುಕಿಕೊಂಡು ಈ ಕಡೆ ಬಂದರು. ಅವರ ಹೆಸರು ಹಾಕುವುದಿಲ್ಲ. ಪಾಟಿ ಅಂತಲೇ ಇರಲಿ, ತಮಿಳಿನಲ್ಲಿ ಅಜ್ಜಿ ಅಂತ ಅರ್ಥ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಒಂದು ಕಚೇರಿಯಲ್ಲಿ ಪಾಟಿಯನ್ನು 'ನಿರಾಶ್ರಿತರು' ಅಂತ ಕರೆದು, ಶಿಬಿರದ ಪತ್ರ ತನ್ನಿ ಅಂತ ವಾಪಸ್ ಕಳಿಸಿದರು. ಅವರು ನಿರಾಶ್ರಿತರಲ್ಲ. ಒಪ್ಪಂದದ ಪ್ರಕಾರ ಬಂದ ಭಾರತದ ಪ್ರಜೆ. ನೀವು ಜೊತೆಗೆ ಹೋದಾಗ ಈ ಮಾತನ್ನು ಸಮಾಧಾನದಿಂದ, ಆದರೆ ಸ್ಪಷ್ಟವಾಗಿ ಹೇಳಬೇಕು. ಅರ್ಜಿಯಲ್ಲೂ ಹಾಗೇ ಬರೆಯಿರಿ.

ದಿನ ಗೊತ್ತು ಮಾಡಿ, ಅದನ್ನು ತಪ್ಪಿಸಬೇಡಿ

ಮೊದಲ ಸಲ ಹೋದಾಗ ಏನೂ ಕೇಳಬೇಡಿ. ಪರಿಚಯ ಹೇಳಿ. ಯಾರ ಮಗಳು, ಎಲ್ಲಿಯವಳು, ಯಾಕೆ ಬಂದೆ, ಇನ್ನು ಯಾವಾಗ ಬರುತ್ತೇನೆ. ಪ್ಲೇನ್ ಟೀ ಕೊಡುತ್ತಾರೆ, ಹಾಲಿಲ್ಲದ್ದು. ಬೆಲ್ಲದ ಚೂರು ಕಚ್ಚಿಕೊಂಡು ಕುಡಿಯುವುದು ತೋಟದವರ ರೂಢಿ. ಬೇಡ ಅನ್ನಬೇಡಿ. ಕೂತು ಕುಡಿಯಿರಿ. ಫೋಟೋ ತೆಗೆಯಬೇಡಿ. ಒಂದು ಕಿಟ್ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋದವರನ್ನು ಅವರು ಸಾಕಷ್ಟು ನೋಡಿದ್ದಾರೆ. ಎರಡನೇ ಸಲ ಬಂದವರು ಕಡಿಮೆ.

ಗುರುವಾರ ಅಂದಿದ್ದರೆ ಗುರುವಾರವೇ ಹೋಗಿ. ನಾನು ಒಂದು ಸಲ ತಪ್ಪಿಸಿದೆ. ಮನೆಯಲ್ಲಿ ಅಡಿಕೆ ಸುಲಿಯುವವರು ಬಂದಿದ್ದರು, ನಾಳೆ ಹೋದರಾಯಿತು ಅಂದುಕೊಂಡೆ. ಮರುದಿನ ಪಕ್ಕದ ಮನೆಯ ಹುಡುಗಿ ಹೇಳಿದಳು, ಪಾಟಿ ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತಿದ್ದರಂತೆ. ಮಧ್ಯಾಹ್ನ ಊಟವನ್ನೂ ಮಾಡಿರಲಿಲ್ಲ. ನನಗೆ ಮುಖ ತೋರಿಸಲು ಆಗಲಿಲ್ಲ. ನಮಗೆ ಅದು ಒಂದು ಗುರುವಾರ. ಅವರಿಗೆ, ಬರುತ್ತೇನೆ ಅಂದು ಹೋಗಿ ಬಾರದೇ ಹೋದವರ ಪಟ್ಟಿಯೇ ಇದೆ. ಈಗ ಬರಲಾಗದಿದ್ದರೆ ಬೆಳಿಗ್ಗೆಯೇ ಆ ಹುಡುಗಿಗೆ ಫೋನ್ ಮಾಡುತ್ತೇನೆ. ಇನ್ನು ಯಾವ ದಿನ ಬರುತ್ತೇನೆ ಅಂತ ಅದೇ ಫೋನಿನಲ್ಲಿ ಹೇಳುತ್ತೇನೆ. ನೀವು ವಾರಕ್ಕೊಮ್ಮೆ ಹೋಗಲು ಆಗದಿದ್ದರೆ ತಿಂಗಳಿಗೊಮ್ಮೆ ಅನ್ನಿ. ಪರವಾಗಿಲ್ಲ. ಆದರೆ ಆಡಿದ ದಿನಕ್ಕೆ ಹೋಗಿ.

ಯುದ್ಧದ ಬಗ್ಗೆ ನೀವಾಗಿ ಕೇಳಬೇಡಿ

'ಅಲ್ಲಿ ಏನಾಯಿತು, ಹೇಳಿ ಅಜ್ಜಿ' ಅಂತ ಕೇಳುವುದು ಸುಲಭ. ಹೇಳಿದ ಮೇಲೆ ರಾತ್ರಿ ಅವರ ಜೊತೆ ಇರುವವರು ಯಾರು? ನಾನು ಒಂದು ವರ್ಷ ಸಂಧಿ ನೋವು, ರೇಷನ್, ಮೊಮ್ಮಗನ ಶಾಲೆ ಇಷ್ಟೇ ಮಾತಾಡಿದೆ. ಒಂದು ದಿನ ರೊಟ್ಟಿಗೆ ತೆಂಗಿನಕಾಯಿ ಸಂಬಲ್ ಅರೆಯುತ್ತಾ ಪಾಟಿ ತಾವಾಗಿಯೇ ಶುರು ಮಾಡಿದರು. ಸಿಲೋನಿನ ಬದುಳ್ಳದ ಹತ್ತಿರದ ತೋಟ, ಲೈನ್‌ಗೆ ಬೆಂಕಿ ಬಿದ್ದಿದ್ದು, ಟೀ ಗಿಡಗಳ ನಡುವೆ ಎರಡು ರಾತ್ರಿ ಮಕ್ಕಳ ಬಾಯಿಗೆ ಬಟ್ಟೆ ಒತ್ತಿ ಹಿಡಿದು ಕೂತಿದ್ದು. ನಾನು ತೆಂಗಿನಕಾಯಿ ತುರಿಯುತ್ತಲೇ ಇದ್ದೆ. ಕೈಗೆ ಕೆಲಸ ಇರುವಾಗ ಇಂಥ ಮಾತು ಹೊರಗೆ ಬರುವುದು ಸಲೀಸು. ಹಾಗಾಗಿ ಎದುರುಬದುರು ಕೂತು ಮಾತಾಡಿಸುವ ಬದಲು ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ ಜೊತೆಯಲ್ಲಿರಿ.

ಹೇಳಲು ಶುರು ಮಾಡಿದರೆ ತಡೆಯಬೇಡಿ. ಇಸವಿ ತಪ್ಪಾದರೆ ತಿದ್ದಬೇಡಿ. 'ಅದೆಲ್ಲಾ ಮುಗಿದು ಹೋಯ್ತು ಬಿಡಿ' ಅನ್ನಬೇಡಿ. ಅರ್ಧಕ್ಕೆ ನಿಲ್ಲಿಸಿದರೆ ಮುಂದೇನಾಯಿತು ಅಂತಲೂ ಕೇಳಬೇಡಿ. ಅವತ್ತು ಎದ್ದು ಬರುವ ಮೊದಲು ಸ್ವಲ್ಪ ಹೊತ್ತು ಜಾಸ್ತಿ ಕೂತು, ಬೇರೆ ಮಾತಾಡಿ, ಊಟ ಆಯಿತಾ ಅಂತ ನೋಡಿ ಬನ್ನಿ.

ಇನ್ನೊಂದು ವಿಷಯ. ನೀವು ಯಾರು ಅನ್ನುವುದನ್ನು ಮುಚ್ಚಿಡಬೇಡಿ. ನನ್ನ ಯಜಮಾನರು ಸೈನ್ಯದ ಜೊತೆ ಅಲ್ಲಿಗೆ ಹೋಗಿದ್ದವರು ಅಂತ ನಾನೇ ಪಾಟಿಗೆ ಹೇಳಿದೆ. ಅವರನ್ನು ಕರೆದುಕೊಂಡು ಹೋಗುವ ಮೊದಲೇ ಹೇಳಿದೆ, ಕರೆದುಕೊಂಡು ಬರಲಾ ಅಂತ ಕೇಳಿದೆ. ಪಾಟಿ ಎರಡು ವಾರ ಉತ್ತರ ಕೊಡಲಿಲ್ಲ. ಮೂರನೇ ವಾರ 'ಬರಲಿ' ಅಂದರು. ಇವರು ಹೊರಗೆ ಜಗಲಿಯಲ್ಲೇ ಕೂತರು. ಪಾಟಿ ಒಂದೇ ಪ್ರಶ್ನೆ ಕೇಳಿದರು, ಕಿಳಿನೊಚ್ಚಿ ನೋಡಿದ್ದೀರಾ ಅಂತ. ಅದು ಶ್ರೀಲಂಕಾದ ಉತ್ತರದ ಊರು. ಆ ದಾರಿಯಲ್ಲಿ ಹೋಗಿದ್ದೇನೆ ಅಂದರು. ಆಮೇಲೆ ಇಬ್ಬರೂ ಅಲ್ಲಿನ ತಾಳೆ ಮರ, ನೀರಿನ ರುಚಿ ಅಂತ ಏನೇನೋ ಮಾತಾಡಿದರು. ಈಗ ಪಾಟಿಯ ಮನೆಯ ಹಂಚು ಸರಿ ಮಾಡುವುದು ಇವರದೇ ಕೆಲಸ.

ಸದ್ದಿನ ಬಗ್ಗೆ ಮೊದಲೇ ಹೇಳಿ

ಇದು ಕೊಡಗಿನಲ್ಲಿ ತುಂಬಾ ಮುಖ್ಯ. ನಮ್ಮಲ್ಲಿ ಗುಂಡಿನ ಸದ್ದು ಹಬ್ಬದ ಸದ್ದು. ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಗುಂಡು ಹಾರಿಸುತ್ತೇವೆ. ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರ ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು. ಇದರ ಮೇಲೆ ತೋಟಕ್ಕೆ ಆನೆ ಬಂದರೆ ನಡುರಾತ್ರಿ ಪಟಾಕಿ. ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ. ಬೆಂಕಿ ಕಂಡು ಓಡಿದವರಿಗೆ ಹಾಗಾಗುವುದಿಲ್ಲ. ನಮ್ಮ ಊರಿನ ಒಂದು ಕಾಫಿ ತೋಟದ ಲೈನ್‌ನಲ್ಲಿರುವ ಸಿಲೋನ್ ಅಜ್ಜ ಒಬ್ಬರು ಆನೆ ಪಟಾಕಿಗೆ ಎದ್ದು ಕತ್ತಲಲ್ಲಿ ಹೊರಗೆ ಓಡಿ, ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡರು.

ಹಬ್ಬದ ಹಿಂದಿನ ದಿನ ಹೋಗಿ ಹೇಳಿ. ನಾಳೆ ರಾತ್ರಿ ಇಷ್ಟು ಹೊತ್ತಿಗೆ, ಇಂಥವರ ಗದ್ದೆಯ ಕಡೆಯಿಂದ ಸದ್ದು ಬರುತ್ತದೆ ಅಂತ. ಆನೆ ಓಡಿಸುವವರ ನಂಬರ್ ಇದ್ದರೆ, ಪಟಾಕಿ ಹೊಡೆಯುವ ಮೊದಲು ಲೈನ್‌ನಲ್ಲಿ ಒಬ್ಬರಿಗೆ ಫೋನ್ ಮಾಡಲು ಕೇಳಿಕೊಳ್ಳಿ. ನಾವು ಕೇಳಿದಾಗ ಆ ಹುಡುಗರು ಒಪ್ಪಿದರು, ಈಗ ಮಾಡುತ್ತಾರೆ. ಮಲಗುವ ಜಾಗದಿಂದ ಬಾಗಿಲವರೆಗೆ ಸಣ್ಣ ಬಲ್ಬ್ ಉರಿಯುತ್ತಿರಲಿ. ದಾರಿಯಲ್ಲಿ ಕೊಡ, ಕತ್ತಿ ಏನೂ ಇರದಿರಲಿ.

ಮೊದಲೇ ಹೇಳಲಾಗದ ಸದ್ದೂ ಇದೆ. 2022ರ ಜೂನ್ ಕೊನೆಯಲ್ಲಿ ನಮ್ಮ ಚೆಂಬು ಕಡೆ ನೆಲದೊಳಗಿಂದ ಗುಡುಗಿದ ಹಾಗೆ ಸದ್ದಾಗಿ ಭೂಮಿ ಕಂಪಿಸಿತು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಆಗ ಫೋನ್ ಸಾಲದು. ಹೋಗಿ ಪಕ್ಕದಲ್ಲಿ ಕೂರಬೇಕು.

ಶಿಬಿರ ಅಂದಾಗ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದಾಗ ಒಂದು ಶಾಲೆಯ ಪರಿಹಾರ ಶಿಬಿರದಲ್ಲಿ ಕೆಲಸ ಮಾಡಿದೆ. ಅಲ್ಲಿ ಮಂಡಪಂ ನೋಡಿದ್ದ ಒಬ್ಬ ಅಜ್ಜ ಇದ್ದರು. ಊಟದ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದರು. ಸ್ವಲ್ಪ ತಿಂದು ಉಳಿದದ್ದನ್ನು ಟವೆಲ್‌ನಲ್ಲಿ ಕಟ್ಟಿಡುತ್ತಿದ್ದರು. ಅನ್ನ ಹಳಸುತ್ತದೆ ಅಂತ ಯಾರೋ ಕಿತ್ತುಕೊಂಡರು. ಅಜ್ಜ ಅವತ್ತೆಲ್ಲಾ ಮಾತಾಡಲಿಲ್ಲ. ನಾವು ಮಾಡಬೇಕಿದ್ದುದು ಸಣ್ಣ ಕೆಲಸ. ತಟ್ಟೆಯನ್ನು ಅವರು ಕೂತಲ್ಲಿಗೇ ತಂದುಕೊಡುವುದು, ಮುಂದಿನ ಊಟ ಎಷ್ಟು ಗಂಟೆಗೆ ಅಂತ ಹೇಳುವುದು, ಹೇಳಿದ ಹೊತ್ತಿಗೆ ಕೊಡುವುದು, ಕಟ್ಟಿಟ್ಟುಕೊಳ್ಳಲು ಅನ್ನದ ಬದಲು ಬಿಸ್ಕತ್ತು ಕೊಡುವುದು. ಮೂರನೇ ದಿನದಿಂದ ಹಾಗೆ ಮಾಡಿದೆವು. ಅಜ್ಜ ಸಾಲಿಗೆ ಹೋಗುವುದನ್ನು ನಿಲ್ಲಿಸಿದರು.

ಮನೆಯಲ್ಲೂ ಇದು ಕಾಣುತ್ತದೆ. ಮಂಚದ ಕೆಳಗೆ ಅಕ್ಕಿ ಡಬ್ಬ, ಬಾಗಿಲ ಹತ್ತಿರ ಕಟ್ಟಿಟ್ಟ ತಗಡಿನ ಪೆಟ್ಟಿಗೆ. ಬಿಚ್ಚಿಸಬೇಡಿ. ಅಕ್ಕಿಗೆ ಹುಳ ಬಿದ್ದಿದೆಯಾ ಅಂತ ಮಾತ್ರ ತಿಂಗಳಿಗೊಮ್ಮೆ ಜೊತೆಗೆ ಕೂತು ನೋಡಿ.

ಕಾಗದಪತ್ರ

ಜಾಸ್ತಿ ಉಪಕಾರ ಆಗುವುದು ಇಲ್ಲಿ. ಒಂದು ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ಸಿಲೋನಿನ ಕ್ಯಾಂಡಿಯಲ್ಲಿ ಕೊಟ್ಟ ಭಾರತದ ಹಳೆಯ ಪಾಸ್‌ಪೋರ್ಟ್, ಶಿಬಿರದ ಫ್ಯಾಮಿಲಿ ಕಾರ್ಡ್, ತೋಟದ ಕೆಲಸದ ದಾಖಲೆ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕ ಎಲ್ಲವನ್ನೂ ಎರಡೆರಡು ಜೆರಾಕ್ಸ್ ಮಾಡಿಸಿ. ಮೂಲ ಪ್ರತಿ ಅವರ ಪೆಟ್ಟಿಗೆಗೇ ವಾಪಸ್ ಹೋಗಲಿ. ನಾನು ಇಟ್ಟುಕೊಳ್ಳುತ್ತೇನೆ ಅಂತ ಯಾವತ್ತೂ ಹೇಳಬೇಡಿ.

ಹೆಸರು ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ಗಂಡನ ಹೆಸರು. ತಮಿಳಿನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ಹೆಸರೇ ಬೇರೆ ಆಗಿರುತ್ತದೆ. ಆಧಾರ್ ಮತ್ತು ಬ್ಯಾಂಕಿನ ಹೆಸರು ಒಂದೇ ಆಗುವಂತೆ ಮೊದಲು ಸರಿ ಮಾಡಿಸಿ, ಉಳಿದದ್ದಕ್ಕೆ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಸಾಮಾನ್ಯವಾಗಿ ಒಂದೇ ಸಲ ತಿದ್ದಲು ಅವಕಾಶ. ದಾಖಲೆ ಗಟ್ಟಿಯಾಗಿ ಕೈಯಲ್ಲಿಲ್ಲದೆ ಆತುರ ಪಡಬೇಡಿ.

65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ 60ರಿಂದ ವೃದ್ಧಾಪ್ಯ ವೇತನ. ಅರ್ಜಿ ನಾಡಕಚೇರಿಯಲ್ಲಿ. ತೋಟದಲ್ಲಿ ಕಾಯಂ ಕೆಲಸ ಮಾಡಿದವರಿಗೆ ಪಿ.ಎಫ್. ಪಿಂಚಣಿ ಬರುತ್ತಿರಬಹುದು. ಅದಕ್ಕೆ ವರ್ಷಕ್ಕೊಮ್ಮೆ ಜೀವಂತ ಇದ್ದೇವೆ ಅನ್ನುವ ಪ್ರಮಾಣಪತ್ರ ಕೊಡಬೇಕು. ಇಲ್ಲಿ ಬೆರಳಿನ ತೊಂದರೆ ಬರುತ್ತದೆ. ವರ್ಷಗಟ್ಟಲೆ ರಬ್ಬರ್ ಹಾಲು, ಆಸಿಡ್ ಮುಟ್ಟಿ ಬೆರಳ ಗೆರೆ ಸವೆದಿರುತ್ತದೆ. ಮಿಷನ್ ಒಪ್ಪುವುದಿಲ್ಲ. ಪಾಟಿ ಹೆಬ್ಬೆರಳನ್ನು ಸೀರೆಗೆ ತಿಕ್ಕಿ ತಿಕ್ಕಿ ಮತ್ತೆ ಮತ್ತೆ ಇಡುತ್ತಿದ್ದರು, ತಪ್ಪು ತನ್ನದೇ ಅನ್ನುವ ಹಾಗೆ. ಕಣ್ಣಿನ ಗುರುತಿನ ಮಿಷನ್ ಇದೆಯಾ ಅಂತ ಕೇಳಿ. ಜೀವನ್ ಪ್ರಮಾಣ್, ಅಂದರೆ ಆ ಜೀವಂತ ಪ್ರಮಾಣಪತ್ರ, ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಆಗುತ್ತದೆ, ಮನೆಯಲ್ಲೇ ಕೂತು ಮಾಡಬಹುದು. ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸಿದ್ದರೆ ಒಟಿಪಿಯಿಂದ ಕೆಲವು ಕೆಲಸ ಆಗುತ್ತದೆ. ಆ ನಂಬರ್ ಅವರ ಮಗಳದೋ ಮೊಮ್ಮಗನದೋ ಇರಲಿ, ನಿಮ್ಮದು ಬೇಡ.

ಕನ್ನಡದ ಅರ್ಜಿ ಓದಲು ಅವರಿಗೆ ಬರುವುದಿಲ್ಲ. ತಮಿಳು ಓದುತ್ತಾರೆ. ಹೆಬ್ಬೆಟ್ಟು ಹಾಕುವ ಮೊದಲು ಪೂರ್ತಿ ಓದಿ, ಅವರ ಮಾತಿನಲ್ಲೇ ಹೇಳಿ. ಅವರ ಬದುಕನ್ನೇ ಒಂದು ಕಾಗದ ತಿರುಗಿಸಿದೆ ಅಲ್ವಾ, ಗೊತ್ತಿಲ್ಲದ ಕಾಗದಕ್ಕೆ ಬೆರಳು ಒತ್ತಿ ಅನ್ನಬಾರದು.

ಲೈನ್ ಮನೆ ಯಾವ ತೋಟದಲ್ಲೂ ಕಾಯಂ ಅಲ್ಲ. ಕೆಲಸ ಮಾಡುವವರು ಮನೆಯಲ್ಲಿ ಯಾರೂ ಇಲ್ಲವಾದರೆ ಮುಂದೆ ಎಲ್ಲಿಗೆ ಅನ್ನುವುದನ್ನು ಪಂಚಾಯಿತಿಯಲ್ಲಿ ಈಗಲೇ ವಿಚಾರಿಸಿ. ಜಗಳ, ಹಿಂಸೆ, ಮಕ್ಕಳು ಕೈಬಿಟ್ಟದ್ದು ಇದ್ದರೆ ಹಿರಿಯರ ಸಹಾಯವಾಣಿ 14567. 2007ರ ಹಿರಿಯ ನಾಗರಿಕರ ಕಾನೂನಿನಲ್ಲಿ ಜೀವನಾಂಶ ಕೇಳಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ.

ಮೈ, ಮನಸ್ಸು

ನರ್ಸಾಗಿ ಹೇಳುತ್ತೇನೆ, ಎಲ್ಲವನ್ನೂ ಯುದ್ಧದ ಲೆಕ್ಕಕ್ಕೆ ಬರೆಯಬೇಡಿ. ಮಾತು ಕಡಿಮೆಯಾದರೆ ಮೊದಲು ಕಿವಿ ನೋಡಿಸಿ. ಪಾಟಿಯ ಮೌನಕ್ಕೆ ಒಂದು ಕಾರಣ ಕಿವಿಯಲ್ಲಿ ಗಟ್ಟಿಯಾಗಿದ್ದ ಗುಗ್ಗೆ. ಕಣ್ಣಿನ ಪೊರೆ, ಬಿ.ಪಿ., ಶುಗರ್ ನೋಡಿಸಿ. ನಿದ್ದೆ ಬರುವುದಿಲ್ಲ ಅಂದರೆ ಮೆಡಿಕಲ್‌ನಿಂದ ನಿದ್ದೆ ಮಾತ್ರೆ ತಂದುಕೊಡಬೇಡಿ. ರಾತ್ರಿ ಎದ್ದು ಬೀಳುತ್ತಾರೆ. ವಾರಗಟ್ಟಲೆ ಊಟ ಬಿಟ್ಟರೆ, ಸಾಯಬೇಕು ಅನ್ನುವ ಮಾತು ಬಂದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ತಮಿಳಿನಲ್ಲೂ ಮಾತಾಡಬಹುದು.

ಮರೆವು ಶುರುವಾದವರಲ್ಲಿ ಹಳೆಯದು ಇವತ್ತಿನದಾಗಿ ಬರುತ್ತದೆ. 'ಬೆಂಕಿ ಹಾಕಿದರಾ?' ಅಂತ ರಾತ್ರಿ ಕೇಳಿದರೆ ಅದು ನಲವತ್ತು ವರ್ಷದ ಹಿಂದಿನ ಮಾತು ಅಂತ ವಾದ ಬೇಡ. ದೀಪ ಹಾಕಿ. ಕೈ ಹಿಡಿಯಿರಿ. ಇದು ನಿಮ್ಮ ಮನೆ, ಹೊರಗೆ ರಬ್ಬರ್ ಮರ, ಮಗಳು ಒಳಗೆ ಮಲಗಿದ್ದಾಳೆ ಅಂತ ಹೇಳಿ. ಮರೆವು ಬಂದಂತೆ ಆಮೇಲೆ ಕಲಿತ ಕನ್ನಡವೂ ತುಳುವೂ ಮೊದಲು ಹೋಗುತ್ತವೆ. ನೀರು, ನೋವು, ಊಟ, ಭಯ, ನಾನಿದ್ದೇನೆ. ಇಷ್ಟಾದರೂ ತಮಿಳಿನಲ್ಲಿ ಕಲಿತಿರಿ.

ಕಾಣೆಯಾದವರ ವಿಷಯ

ಪಾಟಿಯ ತಮ್ಮ ತಮಿಳರ ಮೇಲೆ 1977ರಲ್ಲಿ ಗಲಭೆ ಆದ ಮೇಲೆ ತೋಟ ಬಿಟ್ಟು ಕಿಳಿನೊಚ್ಚಿ ಕಡೆ ಹೋಗಿ ನೆಲೆಸಿದವರು. 2009ರ ಆರಂಭದ ನಂತರ ಸುದ್ದಿ ಇಲ್ಲ. ಆಟಿ ಅಮಾವಾಸ್ಯೆ ಬಂದಾಗ ತಮ್ಮನಿಗೂ ಎಡೆ ಇಡು ಅಂತ ನೆರೆಯವರು ಹೇಳುತ್ತಿದ್ದರು. ಪಾಟಿ ಇಡುವುದಿಲ್ಲ. ಒತ್ತಾಯ ಮಾಡಬೇಡಿ. 'ಬಂದೇ ಬರ್ತಾರೆ' ಅಂತಲೂ ಹೇಳಬೇಡಿ, 'ಹೋಗಿರಬೇಕು' ಅಂತಲೂ ಹೇಳಬೇಡಿ. ಕಿಳಿನೊಚ್ಚಿಯಲ್ಲಿ 2017ರಿಂದ ತಾಯಂದಿರು ರಸ್ತೆ ಬದಿ ಕೂತು ಕೇಳುತ್ತಿರುವುದೂ ಇದನ್ನೇ, ಎಲ್ಲಿದ್ದಾರೆ ಹೇಳಿ ಅಂತ. ಮಾಡಬಹುದಾದದ್ದು ಒಂದಿದೆ. ಯುದ್ಧದಲ್ಲಿ ಬೇರೆಯಾದ ಸಂಬಂಧಿಕರನ್ನು ಹುಡುಕುವ ಕೆಲಸವನ್ನು ರೆಡ್ ಕ್ರಾಸ್ ಮಾಡುತ್ತದೆ. ಪೂರ್ತಿ ಹೆಸರು, ಅಪ್ಪನ ಹೆಸರು, ಕೊನೆಗೆ ಇದ್ದ ಊರು, ಕೊನೆಯ ಸುದ್ದಿ ಬಂದ ತಿಂಗಳು ಬರೆದು ಕೊಡಬೇಕು. ಕೊಡುವ ಮೊದಲು ಕೇಳಿ. ಉತ್ತರ ಬಾರದೇ ಇರಬಹುದು, ಕೆಟ್ಟ ಉತ್ತರ ಬರಬಹುದು, ಆದರೂ ಕೊಡೋಣವಾ ಅಂತ. ಪಾಟಿ ಆರು ತಿಂಗಳು ಯೋಚಿಸಿ, ಕೊಡಿ ಅಂದರು. ಕೊಟ್ಟಿದ್ದೇವೆ.

ಕೊನೆಗಾಲದ ಮಾತನ್ನೂ ಆರೋಗ್ಯ ಇರುವಾಗಲೇ ಕೇಳಿಟ್ಟುಕೊಳ್ಳಿ. ಸುಡುವುದಾ, ಹೂಳುವುದಾ, ಎಲ್ಲಿ, ಯಾರಿಗೆ ಫೋನ್ ಮಾಡಬೇಕು, ಖರ್ಚಿಗೆ ಏನಾದರೂ ಇಟ್ಟಿದ್ದಾರಾ. ನಾನು ಹೇಗೆ ಕೇಳುವುದು ಅಂತ ಹಿಂಜರಿಯುತ್ತಿದ್ದೆ. ಪಾಟಿಯೇ ಒಂದು ಗುರುವಾರ ಪೆಟ್ಟಿಗೆ ತೆಗೆದು, ಬಟ್ಟೆಗಳ ಕೆಳಗಿಂದ ಸೀರೆ, ಹಣದ ಗಂಟು ಎಲ್ಲಾ ತೋರಿಸಿದರು. ಕ್ಯಾಂಡಿಯ ಪಾಸ್‌ಪೋರ್ಟ್ ಕೈಗೆತ್ತಿಕೊಂಡು, ಇದನ್ನು ನನ್ನ ಜೊತೆ ಸುಡಬೇಡಿ, ಮೊಮ್ಮಗನ ಜಾತಿ ಸರ್ಟಿಫಿಕೇಟ್‌ಗೆ ಕೇಳುತ್ತಾರೆ ಅಂದರು. ಅದರ ಜೆರಾಕ್ಸ್ ನನ್ನ ಫೈಲಿನಲ್ಲಿ ಮೊದಲ ಹಾಳೆ.